ಶಿವನ ಕಡೆಯವಳು ಜಿನೀವಾಕ್ಕೆ ಹೋದದ್ದು

ಪೀಣ್ಯ

ಮಕ್ಕಳೇ, ನಿಮ್ಮ ಅಜ್ಜಿ ಜಿನೀವಾಕ್ಕೆ ಹೋಗಿ ಬಂದಳೆಂದರೆ ನಿಮ್ಮ ಸ್ಕೂಲಿನಲ್ಲಿ ಯಾರೂ ನಂಬಲಿಲ್ಲವಂತೆ. ಅವರ ತಪ್ಪಿಲ್ಲ. ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದವಳು ನಾನು. ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸು ಹತ್ತಿದರೆ ಇಳಿಯುವ ಜಾಗದ ಹೆಸರನ್ನು ಕಂಡಕ್ಟರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಲೂ ನಾಚಿಕೆ. ಅಂಥವಳು ವಿಮಾನ ಹತ್ತಿದಳೆಂದು ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಆದ್ದರಿಂದ ಬರೆದೇ ಇಡುತ್ತೇನೆ.

ಕರೆದವಳು ವಿಮಲಾ. ಅವಳ ಅಪ್ಪನೂ ನಿಮ್ಮ ತಾತನೂ ಒಂದೇ ಸರ್ಕಾರಿ ಕಾರ್ಖಾನೆಯಲ್ಲಿ ಲೇತ್ ಮೇಲೆ ನಿಂತು ದುಡಿದವರು. ಗೋಡೆಗೆ ಗೋಡೆ ತಾಗಿದ ಮನೆಗಳು. ಮದುವೆಯಾಗಿ ಹೊರದೇಶಕ್ಕೆ ಹೋದ ಮೇಲೂ ನನ್ನನ್ನು ಗೌರತ್ತೆ ಎಂದೇ ಕರೆಯುತ್ತಾಳೆ. ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಅವಳ ಬೀದಿಯ ಹೆಂಗಸರು ಸೇರಿ ಬೇರೆ ಬೇರೆ ದೇಶದ ಹೆಣ್ಣುಮಕ್ಕಳ ಹಾಡು ಕೇಳುವ ಒಂದು ಸಂಜೆ ಏರ್ಪಡಿಸಿದ್ದರು. ಅವಳಿಗೆ ನೆನಪಾದದ್ದು ನಮ್ಮ ಗಿರಿಜಾ ಕಲ್ಯಾಣದ ಬೀಗರ ಹಾಡು.

ಆ ಹಾಡಿನ ವಿಷಯ ನಿಮಗೆ ಹೇಳಲೇಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ಕಾರ್ಖಾನೆಯವರು ಕಟ್ಟಿದ ನಮ್ಮ ಗುಡಿಯಲ್ಲಿ ವರ್ಷಕ್ಕೊಮ್ಮೆ ಶಿವನಿಗೂ ಗೌರಿಗೂ ಮದುವೆ ಮಾಡುತ್ತೇವಲ್ಲ, ಅಂದು ಹೆಂಗಸರು ಎರಡು ಪಂಗಡವಾಗಿ ಎದುರುಬದುರು ಕೂರುತ್ತೇವೆ. ಹೆಣ್ಣಿನ ಕಡೆಯವರು ಗಂಡನ್ನು ಹೀಯಾಳಿಸಿ ಹಾಡುತ್ತಾರೆ. ಗಂಡು ಎಂದರೆ ಸಾಕ್ಷಾತ್ ಶಿವ. ಮನೆಯಿಲ್ಲ, ಮಠವಿಲ್ಲ, ಮೈಗೆ ಬೂದಿ, ಕೊರಳಿಗೆ ಹಾವು, ಇಂಥವನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದು. ಗಂಡಿನ ಕಡೆಯವರು ಪ್ರತಿಯೊಂದಕ್ಕೂ ಜವಾಬು ಹಾಡಬೇಕು.

ಗಂಡಿನ ಕಡೆ ಕೂರುವವರು ನಾವು, ಗಂಡ ಸತ್ತವರು. ಬೇರೆ ಮದುವೆಗಳಲ್ಲಿ ನಮ್ಮಂಥವರು ಹಿಂದೆ ಕೂರಬೇಕೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾವೇ ಸರಿದಿರುತ್ತೇವೆ. ಈ ಮದುವೆಯಲ್ಲಿ ಮಾತ್ರ ಮುಂದಿನ ಸಾಲು ನಮ್ಮದು. ಮಸಣದಲ್ಲಿ ಮನೆ ಮಾಡಿದ ಗಂಡಿಗೆ ಯಾರ ಮುಖ ಅಪಶಕುನ? ನಿಮ್ಮ ತಾತ ಹೋದ ಮರುವರ್ಷ ನನ್ನನ್ನು ಆ ಸಾಲಿಗೆ ಎಳೆದು ಕೂರಿಸಿದವಳು ಹೆಣ್ಣಿನ ಕಡೆ ಹಾಡುವ ನನ್ನ ಗೆಳತಿ ಶಾಂತವ್ವ. ಅಂದಿನಿಂದ ಅವಳು ಬೈಯುವುದು, ನಾನು ಜವಾಬು ಕೊಡುವುದು. ಊರಲ್ಲಿ ಬಾಯಿ ಬಿಡದವಳಿಗೆ ಶಿವನ ಪರವಾಗಿ ಎಂದರೆ ಎಲ್ಲಿಂದಲೋ ಮಾತು ಬರುತ್ತದೆ. ಒಂದು ವರ್ಷವೂ ನಾನು ಸೋತಿರಲಿಲ್ಲ. ಹೀಗೆ ನಾವಿಬ್ಬರೂ ಹೊರಟೆವು.

ಜಿನೀವಾ, ವಿಮಾನ ಇಳಿದ ಜಾಗ

ಶಾಂತವ್ವ ಹಾವೇರಿ ಕಡೆಯವಳು. ಗಂಡನ ಕೆಲಸದಿಂದಾಗಿ ಪೀಣ್ಯಕ್ಕೆ ಬಂದು ಮೂವತ್ತು ವರ್ಷವಾದರೂ ಅವಳ ಮಾತು ಹಾವೇರಿ ಬಿಟ್ಟು ಬಂದಿಲ್ಲ. ಅವಳ ಚೀಲದಲ್ಲಿ ಜೋಳದ ರೊಟ್ಟಿಯ ಕಟ್ಟು, ಶೇಂಗಾ ಹಿಂಡಿ, ಜೊತೆಗೆ ಇಬ್ಬರಿಗೂ ಸಾಲುವಷ್ಟು ವಿಭೂತಿ ಗಟ್ಟಿ.

ಚೀಲ ತೆಗೆಸಿದ ಅಧಿಕಾರಿ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟ. ವಿಭೂತಿ ನೋಡಿದ ಮೇಲೆ ಅವನ ಮುಖವೇ ಬೇರೆಯಾಯಿತು. ಬಿಳಿಯ ಗಟ್ಟಿ, ಮುಟ್ಟಿದರೆ ಪುಡಿ. ಇನ್ನೊಬ್ಬನನ್ನು ಕರೆದ. ಇಬ್ಬರೂ ಕೆರೆದು ನೋಡಿದರು. ಒಬ್ಬ ಮೂಗಿನ ಹತ್ತಿರ ಒಯ್ದ.

"ಮೂಗಿಗಲ್ಲೋ ಯಪ್ಪಾ, ಹಣಿಗೆ," ಎಂದಳು ಶಾಂತವ್ವ.

ಅವನಿಗೇನು ತಿಳಿಯಬೇಕು. ಇವಳು ಕೈಯಲ್ಲಿದ್ದ ನೀರಿನ ಬಾಟಲಿಯಿಂದ ಬೆರಳು ಒದ್ದೆ ಮಾಡಿಕೊಂಡು, ಗಟ್ಟಿಯ ಮೇಲೆ ಉಜ್ಜಿ, ತನ್ನ ಹಣೆಗೆ ಮೂರು ಗೆರೆ ಎಳೆದುಕೊಂಡಳು. ಆಮೇಲೆ ನನ್ನ ಹಣೆಗೆ. ಮೂರನೆಯದಾಗಿ ಕೈ ಅವನ ಕಡೆಗೇ ಹೋಯಿತು. ಅವನು ಹಿಂದೆ ಸರಿದು, ನಕ್ಕು, ಚೀಲ ಮುಚ್ಚಿ ಕಳಿಸಿದ.

"ಹಚಿಗೊಂಡಿದ್ರ ಪುಣ್ಯ ಬರ್ತಿತ್ತು ಅವಗ," ಎಂದು ಅವಳಿಗೆ ಸ್ವಲ್ಪ ಬೇಸರವೇ ಆಯಿತು.

ವಿಮಲಾಳ ಮನೆ

ಆ ಊರಿನಲ್ಲಿ ಸದ್ದೇ ಇಲ್ಲ. ಪೀಣ್ಯದಲ್ಲಿ ಒಂದು ಕಡೆ ಕಬ್ಬಿಣ ಕೊಯ್ಯುವ ಸದ್ದು, ಇನ್ನೊಂದು ಕಡೆ ಪ್ರೆಸ್ಸಿನ ಧಡ್ ಧಡ್, ಅದು ನಿಂತರೆ ಕರೆಂಟು ಹೋಯಿತೆಂದು ತಿಳಿಯುತ್ತೇವೆ. ಇಲ್ಲಿ ಎದ್ದ ಮೊದಲ ಬೆಳಿಗ್ಗೆ ನಾನು ಸ್ವಿಚ್ಚು ಹಾಕಿ ನೋಡಿದೆ. ಕರೆಂಟು ಇತ್ತು.

ಅಂದು ಭಾನುವಾರ. ಶಾಂತವ್ವ ಸ್ನಾನದ ಮನೆಯಲ್ಲಿ ಸೀರೆ ನೆನೆಸಿ, ಒಗೆಯುವ ಕಲ್ಲು ಸಿಗದೆ, ತೊಟ್ಟಿಯ ಅಂಚಿಗೇ ಬಡಿಯಲು ಶುರುಮಾಡಿದಳು. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಕೆಳಗಿನ ಮನೆಯ ಮುದುಕಿ, ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಮುತ್ತಿನ ಸರ. ಬಹಳ ಮರ್ಯಾದೆಯಿಂದ ಏನೋ ಹೇಳಿ ಹೋದಳು.

"ಏನಂತಮ್ಮ?" ಎಂದು ಕೇಳಿದೆ.

"ಭಾನುವಾರ ಬಟ್ಟೆ ಒಗೆಯೋ ಹಾಗಿಲ್ಲ ಗೌರತ್ತೆ. ಮುಂದಿನ ಸಲ ಪೊಲೀಸಿಗೆ ಹೇಳ್ತಾರಂತೆ," ಎಂದು ವಿಮಲಾ ನಗುತ್ತಲೇ ಹೇಳಿದಳು.

"ಪೊಲೀಸಾ? ಒಂದು ಸೀರಿಗೆ?" ಶಾಂತವ್ವ ಹಿಂಡಿದ ಸೀರೆಯನ್ನು ಹಿಡಿದೇ ನಿಂತಳು.

ಈ ಊರಿನವರು ಕೆಟ್ಟವರಲ್ಲ. ಪಕ್ಕದವರಿಗೆ ತೊಂದರೆಯಾಗಬಾರದು ಎನ್ನುವುದೇ ಅವರ ದೊಡ್ಡ ಧರ್ಮ. ನಮ್ಮಲ್ಲಿ ಪಕ್ಕದವರು ಸದ್ದು ಮಾಡದಿದ್ದರೆ ಹುಷಾರಿಲ್ಲವೇನೋ ಎಂದು ಹೋಗಿ ನೋಡುತ್ತೇವೆ. ಇಲ್ಲಿ ಸದ್ದು ಮಾಡಿದರೆ ಬಂದು ನೋಡುತ್ತಾರೆ. ಎರಡರಲ್ಲೂ ಬರುವುದಂತೂ ಉಂಟು.

ಊಟದ ಮೇಜು

ವಿಮಲಾಳ ಗಂಡ ಸದಾಶಿವಯ್ಯನವರು ದಾವಣಗೆರೆಯ ಕಡೆಯವರು, ದೊಡ್ಡ ಇಂಜಿನಿಯರು. ಬೆಳಿಗ್ಗೆ ಲಿಂಗಪೂಜೆ ಮಾಡದೆ ಕಾಫಿಯನ್ನೂ ಮುಟ್ಟುವವರಲ್ಲ. ಆ ಊರಿನ ಭಾರತೀಯರ ಸಂಘಕ್ಕೆ ಅವರೇ ಹಿರಿಯರು. ಹಾಡಿನ ಸಂಜೆಗೆ ಸಭಾಂಗಣ ಕೊಡಿಸಿದವರೂ ಅವರೇ. ಸೋಮವಾರ ಊಟಕ್ಕೆ ಕೂತಾಗ ಅವರು ಸಾರಿಗೆ ಕೈ ಹಾಕದೆ ಮಾತು ತೆಗೆದರು.

"ಗೌರಮ್ಮನೋರೇ, ಒಂದು ಮಾತು. ಆ ಬೈಗುಳದ ಹಾಡು ಬೇಡ. ಗೌರಿಯ ಆರತಿ ಹಾಡು ಇದೆಯಲ್ಲ, ಅದನ್ನ ಹಾಡಿ. ಚೆನ್ನಾಗಿರುತ್ತೆ."

"ಯಾಕ್ರೀ ಅಣ್ಣಾರ?" ಎಂದಳು ಶಾಂತವ್ವ. "ಅದಕ್ಕ ಅಂತನ ಕರಸೀರಿ."

ಅವರು ಬಿಡಿಸಿ ಹೇಳಿದರು. ಆ ಊರಿನಲ್ಲಿ ಲೋಕದ ದೇಶಗಳೆಲ್ಲ ಸೇರಿ ಮಾತಾಡುವ ದೊಡ್ಡ ಕಟ್ಟಡವೊಂದಿದೆ. ಅಲ್ಲಿ ಆಗ ಒಂದು ನಿರ್ಣಯ ಚರ್ಚೆಗೆ ಬಂದಿತ್ತು. ಧರ್ಮಗಳ ನಿಂದೆ ಆಗಬಾರದು, ಅದನ್ನು ಎಲ್ಲ ದೇಶದವರೂ ತಡೆಯಬೇಕು ಎಂದು. ಮೊದಲು ಅದರಲ್ಲಿ ಒಂದೇ ಧರ್ಮದ ಹೆಸರಿತ್ತಂತೆ. ಒಪ್ಪದವರಿದ್ದುದರಿಂದ ಎಲ್ಲ ಧರ್ಮಗಳು ಎಂದು ತಿದ್ದಿದರಂತೆ.

"ಊರ ತುಂಬ ಪತ್ರಿಕೆಯವರಿದ್ದಾರೆ," ಎಂದರು ಅವರು. "ಒಬ್ಬ ಬಂದು ಕೂತು, ಹಿಂದೂ ಹೆಂಗಸರು ಅವರ ದೇವರನ್ನ ಅವರೇ ಬೈದ್ರು ಅಂತ ಬರೆದ್ರೆ? ಒಂದು ಕಡೆಯವರು ನಗ್ತಾರೆ, ಇನ್ನೊಂದು ಕಡೆಯವರು ನೋಡಿ ಇವರಿಗೆ ನಿಂದೆಯೇ ಅಭ್ಯಾಸ ಅಂತಾರೆ. ಊರಿಗೆ ಹೋದ ಮೇಲೆ ನಿಮ್ಮ ಮನೆ ಮುಂದೆ ಯಾರು ಬಂದು ನಿಲ್ತಾರೋ ಗೊತ್ತಿಲ್ಲ."

"ಅದು ನಿಂದೆ ಅಲ್ಲಾರೀ, ಬೀಗರ ಹಾಡು," ಎಂದಳು ವಿಮಲಾ.

"ನಿನಗೆ ಗೊತ್ತು, ನನಗೆ ಗೊತ್ತು. ಅವರಿಗೆ?" ಅವರ ದನಿ ಏರಲಿಲ್ಲ. "ನಮ್ಮ ಹುಡುಗಿ ಕೊರಳಲ್ಲಿ ಲಿಂಗ ಕಟ್ಟಿಕೊಂಡು ಶಾಲೆಗೆ ಹೋದಾಗ ಆ ಮಕ್ಕಳು ಏನಂದ್ರು, ನೆನಪಿದೆಯಾ? ಎರಡು ದಿನ ಅವಳು ಊಟ ಮಾಡಲಿಲ್ಲ. ಮೂರನೇ ದಿನ ಲಿಂಗ ಮನೇಲಿಟ್ಟು ಹೋದಳು. ಇವತ್ತಿಗೂ ಕಟ್ಟಿಕೊಳ್ಳಲ್ಲ. ಆಗ ಒಂದು ಕಾನೂನು ಇದ್ದಿದ್ರೆ ಅಂತ ನಾನು ಎಷ್ಟು ಸಲ ಅಂದುಕೊಂಡಿದ್ದೀನಿ."

ಶಾಂತವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಅವರ ಹುಡುಗಿ ಈಗ ಬೇರೆ ಊರಿನಲ್ಲಿ ಓದುತ್ತಾಳೆ. ಅವಳ ಫೋಟೋ ಆ ಮೇಜಿನ ಹಿಂದೆಯೇ ಇತ್ತು. ನನಗೆ ಆ ತಂದೆಯ ಮೇಲೆ ಗೌರವ ಹುಟ್ಟಿತು. ಆದರೂ ಅವರ ಮಾತು ಸರಿ ಎನ್ನಿಸಲಿಲ್ಲ. ಯಾಕೆ ಎಂದು ಹೇಳಲು ಆಗ ಬಾಯಿ ಬರಲಿಲ್ಲ.

"ಹಾಡೋರು ಹಿರಿಯರು ನೀವು. ತೀರ್ಮಾನ ನಿಮಗೇ ಬಿಟ್ಟಿದ್ದೀನಿ," ಎಂದು ಅವರು ಊಟಕ್ಕೆ ಕೈ ಹಾಕಿದರು.

ಬಿಟ್ಟದ್ದು ನನಗೆ. ಶಾಂತವ್ವನಿಗೆ ಬಿಟ್ಟಿದ್ದರೆ ಅನ್ನ ಆರುವುದರೊಳಗೆ ಮುಗಿಯುತ್ತಿತ್ತು.

ನವಿಲುಗಳಿರುವ ಕಟ್ಟಡ

ಮಾರನೆಯ ದಿನ ವಿಮಲಾ ನಮ್ಮನ್ನು ಆ ದೊಡ್ಡ ಕಟ್ಟಡಕ್ಕೆ ಕರೆದುಕೊಂಡು ಹೋದಳು. ಒಳಗೆ ಬಿಡಿಸಿದ್ದು ಅವಳ ಗೆಳತಿ ಮರಿಯಂ. ತೆಳ್ಳಗಿನ ಹೆಣ್ಣು, ನಲವತ್ತರ ಹತ್ತಿರ, ನಕ್ಕರೂ ಕಣ್ಣು ನಗುತ್ತಿರಲಿಲ್ಲ. ಅವಳು ತನ್ನ ದೇಶ ಬಿಟ್ಟು ಬಂದು ಅಲ್ಲಿ ಅನುವಾದದ ಕೆಲಸ ಮಾಡುತ್ತಿದ್ದಳು. ಆ ದೇಶದ ಹೆಸರನ್ನೂ ಅವಳ ಧರ್ಮದ ಹೆಸರನ್ನೂ ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಅಲ್ಲಿಯವರೆಲ್ಲ ಹಾಗೆಯೇ ಎಂದುಕೊಳ್ಳುತ್ತೀರಿ. ಅಂಥವರು ಎಲ್ಲ ಕಡೆಯೂ ಇದ್ದಾರೆ, ತುಮಕೂರು ರಸ್ತೆಯಲ್ಲೂ ಇದ್ದಾರೆ.

ಕಟ್ಟಡದ ತೋಟದಲ್ಲಿ ನವಿಲುಗಳು ಬಿಡುಬೀಸಾಗಿ ಓಡಾಡುತ್ತವೆ. ನಮ್ಮಲ್ಲಿ ಮಾದನಾಯಕನಹಳ್ಳಿಯ ಆಚೆ ಹೊಲಗಳಲ್ಲಿ ನೋಡಿದ್ದೆ, ಈಗ ಅಲ್ಲಿ ಗೋಡೌನುಗಳು ಎದ್ದಿವೆ. ಇಲ್ಲಿ ಕೋಟು ಹಾಕಿದ ಗಂಡಸರು ನವಿಲಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಾರೆ.

ಒಳಗೆ ದೊಡ್ಡ ಹಜಾರ. ಪ್ರತಿ ಕುರ್ಚಿಗೂ ಕಿವಿಗೆ ಹಾಕುವ ಯಂತ್ರ, ಗುಂಡಿ ತಿರುಗಿಸಿದರೆ ಭಾಷೆ ಬದಲಾಗುತ್ತದೆ. ನಾನು ಎಲ್ಲವನ್ನೂ ತಿರುಗಿಸಿ ನೋಡಿದೆ, ಕನ್ನಡ ಬರಲಿಲ್ಲ. ಒಬ್ಬರು ಎದ್ದು ಓದಿದರು, ಕೂತರು. ಇನ್ನೊಬ್ಬರು ಎದ್ದು ಓದಿದರು, ಕೂತರು. ಒಬ್ಬ ಓದುವಾಗ ಉಳಿದವರು ಪತ್ರಿಕೆ ತಿರುವುತ್ತಿದ್ದರು, ಒಬ್ಬರು ಸೇಬು ಕೊಯ್ಯುತ್ತಿದ್ದರು.

"ಇವ್ರು ಯಾರಿಗೂ ಯಾರೂ ಜವಾಬು ಕೊಡವಲ್ರಲ್ಲ ಗೌರಕ್ಕ," ಎಂದು ಶಾಂತವ್ವ ನನ್ನ ಕಿವಿಯಲ್ಲಿ ಹೇಳಿದಳು. "ಎಲ್ಲಾರೂ ಮನಿಂದ ಬರಕೊಂಡ ಬಂದಾರ."

ಅದು ನಿಜ. ನಮ್ಮೂರ ಪಂಚಾಯಿತಿ ಕಟ್ಟೆಯಲ್ಲಿ ಒಬ್ಬ ಮಾತು ಮುಗಿಸುವ ಮೊದಲೇ ನಾಲ್ವರು ಮೇಲೇಳುತ್ತಾರೆ, ಗದ್ದಲವಾಗುತ್ತದೆ, ಆದರೆ ಒಬ್ಬನ ಮಾತು ಇನ್ನೊಬ್ಬನಿಗೆ ತಾಗಿಯೇ ತಾಗುತ್ತದೆ. ಇಲ್ಲಿ ಮಾತು ಯಾರಿಗೂ ತಾಗದೆ ಚಾವಣಿಗೆ ಹೋಗುತ್ತಿತ್ತು. ಹೊರಗೆ ಒಂದು ನವಿಲು ಕೂಗಿದಾಗ ಮಾತ್ರ ಎಲ್ಲರೂ ಒಟ್ಟಿಗೆ ತಲೆ ಎತ್ತಿದರು.

ಸರೋವರದ ದಂಡೆ

ಅಲ್ಲಿಂದ ಮರಿಯಂ ನಮ್ಮನ್ನು ಸರೋವರಕ್ಕೆ ಕರೆದೊಯ್ದಳು. ನೀರಿನ ನಡುವೆ ಒಂದು ಕಾರಂಜಿ, ತೆಂಗಿನ ಮರದ ಮೇಲೆ ತೆಂಗಿನ ಮರ ನಿಲ್ಲಿಸಿದರೂ ಮುಟ್ಟಲಾರದಷ್ಟು ಎತ್ತರ. ನಮ್ಮ ಬೀದಿಯಲ್ಲಿ ಕೊಳವೆಬಾವಿ ಕೊರೆದಾಗ ನೀರು ಚಿಮ್ಮಿತಲ್ಲ, ಹಾಗೆಯೇ. ಆದರೆ ಇಲ್ಲಿ ಯಾರೂ ಬಿಂದಿಗೆ ಹಿಡಿದು ಓಡಿ ಬರುವುದಿಲ್ಲ. ಬೆಂಚಿನ ಮೇಲೆ ಕೂತು ನೋಡಿ, ಎದ್ದು ಹೋಗುತ್ತಾರೆ.

ಬೆಂಚಿನ ಮೇಲೆ ಕೂತು ಮರಿಯಂ ತನ್ನ ಕಥೆ ಹೇಳಿದಳು. ವಿಮಲಾ ಕನ್ನಡ ಮಾಡಿದಳು. ಅವಳ ಅಣ್ಣ ಮೇಷ್ಟ್ರು. ಬಡವರ ಹೆಣ ಮಣ್ಣಿಗಿಡುವುದಕ್ಕೂ ಊರಿನ ಧರ್ಮಗುರುಗಳು ಕಾಣಿಕೆಗೆ ಕೈ ಚಾಚುತ್ತಾರೆ, ಇದು ದೇವರ ಮಾತೇ, ಎಂದು ಅವನು ಒಂದು ಸಣ್ಣ ಪತ್ರಿಕೆಯಲ್ಲಿ ಬರೆದ. ಗುರುಗಳನ್ನು ಕೇಳಿದ ಪ್ರಶ್ನೆ ಅದು. ಕೋರ್ಟಿಗೆ ಹೋಗುವ ಹೊತ್ತಿಗೆ ದೇವರನ್ನು ನಿಂದಿಸಿದ ಮಾತಾಗಿತ್ತು. ಅಣ್ಣ ಜೈಲಿನಲ್ಲಿದ್ದಾನೆ. ಮೇಲಿನ ಕೋರ್ಟು ಇನ್ನೂ ತೀರ್ಪು ಹೇಳಬೇಕು.

"ಈ ನಿರ್ಣಯ ಒಪ್ಪಿಗೆಯಾದರೆ," ಎಂದಳು ಅವಳು, "ನಮ್ಮ ಜಡ್ಜು ಅದನ್ನು ಎತ್ತಿ ತೋರಿಸುತ್ತಾನೆ. ನಾನೊಬ್ಬನೇ ಅಲ್ಲ, ಲೋಕವೇ ಹೀಗೆ ಹೇಳುತ್ತಿದೆ ಅನ್ನುತ್ತಾನೆ. ಆಮೇಲೆ ನಾನು ಯಾರ ಬಳಿ ಹೋಗಲಿ?"

ಆಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು. ವಿಮಲಾ ಅವಳಿಗೆ ನಮ್ಮ ಹಾಡಿನ ವಿಷಯ ಹೇಳಿದ್ದಳು. ನೀವು ಆ ಹಾಡು ಹಾಡಲೇಬೇಕು, ಪತ್ರಿಕೆಯವರನ್ನು ನಾನೇ ಕರೆತರುತ್ತೇನೆ, ದೇವರನ್ನು ಬೈದರೂ ಏನೂ ಆಗುವುದಿಲ್ಲ ಎಂದು ಎಲ್ಲರೂ ನೋಡಲಿ, ಎಂದಳು.

ನನಗೆ ಆಗ ಇಕ್ಕಟ್ಟಾಯಿತು. ಒಬ್ಬರು ಹಾಡಬೇಡಿ ಎಂದರು, ಇನ್ನೊಬ್ಬರು ಹಾಡಲೇಬೇಕು ಎಂದರು. ಇಬ್ಬರಿಗೂ ಬೇಕಾದದ್ದು ಅದರಲ್ಲಿರುವ ಬೈಗುಳ ಒಂದೇ. ಒಬ್ಬರಿಗೆ ಮುಚ್ಚಿಡಲು, ಒಬ್ಬರಿಗೆ ಎತ್ತಿ ತೋರಿಸಲು. ಜವಾಬಿನ ಮಾತು ಇಬ್ಬರೂ ಎತ್ತಲಿಲ್ಲ. ಜವಾಬು ನನ್ನದಾದ್ದರಿಂದ ಅದು ನನಗೆ ತಾಗಿತು.

ಮಕ್ಕಳೇ, ನಾನು ಓದಿದವಳಲ್ಲ. ಆದರೆ ಈ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಅಳಿಯನನ್ನು ಬೀಗರು ಹೀಯಾಳಿಸಿದರೆ ಅವನು ಬೇಡವೆಂದಲ್ಲ, ಮನೆಗೆ ಬರುತ್ತಿದ್ದಾನೆ ಎಂದು. ಮಗಳನ್ನು ಕೊಡುವವಳಿಗೆ ಕೇಳುವ ಹಕ್ಕಿದೆ. ದಾರಿಯಲ್ಲಿ ಹೋಗುವವನು ಅದೇ ಮಾತನ್ನು ಕಿಟಕಿಯಿಂದ ಕೂಗಿ ಓಡಿದರೆ ಅದು ಬೇರೆ. ಅದು ಒರಟುತನ. ಅದಕ್ಕೂ ಮದ್ದು ಅವನನ್ನು ಕರೆದು ಎದುರಿಗೆ ಕೂರಿಸಿ, ಈಗ ಹೇಳಪ್ಪ, ಜವಾಬು ಕೇಳು, ಎನ್ನುವುದು. ಸದಾಶಿವಯ್ಯನವರ ಹುಡುಗಿಯ ವಿಷಯ ಮಾತ್ರ ಹಾಗಲ್ಲ. ಆ ಮಗುವಿನ ಬೆನ್ನಿಗೆ ಶಾಲೆಯ ಮೇಷ್ಟ್ರು ನಿಲ್ಲಬೇಕಿತ್ತು. ನೊಂದವಳು ಅವಳು, ಶಿವನಲ್ಲ. ಶಿವನಿಗೆ ವಕೀಲರು ಬೇಡ, ಅವಳಿಗೆ ಬೇಕಿತ್ತು. ದೇವರ ಹೆಸರಿನಲ್ಲಿ ಕಾನೂನು ಮಾಡಿದರೆ ಅದನ್ನು ಹಿಡಿದು ಬರುವವನು ದೇವರಲ್ಲ, ಮರಿಯಂಳ ಊರಿನ ಜಡ್ಜು.

ಇದನ್ನು ಅಲ್ಲಿ ಬೆಂಚಿನ ಮೇಲೆ ಇಷ್ಟು ಚೆನ್ನಾಗಿ ಹೇಳಿದೆ ಎಂದುಕೊಳ್ಳಬೇಡಿ. ಹೇಳಿದ್ದು ಒಂದೇ ಮಾತು.

"ಹಾಡ್ತೀವಿ ಅಂತ ಹೇಳಮ್ಮ ವಿಮಲಾ. ಆದ್ರೆ ತೋರಿಸೋಕಲ್ಲ. ಬೈಗುಳ ಕೇಳಿದೋರು ಜವಾಬೂ ಕೇಳಿಯೇ ಏಳಬೇಕು. ಮಧ್ಯದಲ್ಲಿ ಎದ್ದು ಹೋಗೋ ಪತ್ರಿಕೆಯವರು ಬೇಡ."

ಹಾಡಿದ ಸಂಜೆ

ಸಭಾಂಗಣ ನಮ್ಮ ಗುಡಿಯ ಹಿಂದಿನ ಊಟದ ಮನೆಯಷ್ಟೇ ದೊಡ್ಡದು. ಹೆಂಗಸರೇ ಹೆಚ್ಚು, ಒಂದಿಷ್ಟು ಗಂಡಸರು. ಕೆಳಗಿನ ಮನೆಯ ಮುತ್ತಿನ ಸರದ ಮುದುಕಿಯೂ ಬಂದು ಮುಂದೆಯೇ ಕೂತಿದ್ದಳು. ವಿಮಲಾ ಹಿಂದಿನ ಮೇಜಿನ ಮೇಲೆ ಶಾಂತವ್ವನ ರೊಟ್ಟಿ, ಹಿಂಡಿ, ತಾನು ಮಾಡಿದ ಎಣ್ಣೆಗಾಯಿ ಜೋಡಿಸಿದ್ದಳು. ಸದಾಶಿವಯ್ಯನವರು ಬಂದರು. ನಾನು ಅವರ ಹತ್ತಿರ ಹೋಗಿ, ಬೀಗರ ಹಾಡನ್ನೇ ಹಾಡುತ್ತೇವೆಂದು ಹೇಳಿದೆ.

"ಆಯ್ತಮ್ಮ," ಎಂದರು. "ನಾನು ಎದ್ದು ಹೋಗಲ್ಲ. ಆದ್ರೆ ಚಪ್ಪಾಳೆ ತಟ್ಟು ಅನ್ನಬೇಡಿ."

"ಬೇಡ ಬಿಡಿ. ಕೂತಿದ್ರೆ ಸಾಕು."

ಮರಿಯಂ ತಡವಾಗಿ ಬಂದಳು. ಅವಳ ಮುಖ ನೋಡಿಯೇ ತಿಳಿಯಿತು. ನಿರ್ಣಯ ಆ ಮಧ್ಯಾಹ್ನ ಒಪ್ಪಿಗೆಯಾಗಿತ್ತು. ಮತಕ್ಕೂ ಹಾಕಲಿಲ್ಲವಂತೆ, ಒಬ್ಬರೂ ಬೇಡ ಎನ್ನಲಿಲ್ಲವಂತೆ. ಅವಳು ಪತ್ರಿಕೆಯವರನ್ನು ಕರೆತಂದಿರಲಿಲ್ಲ. ಕೊನೆಯ ಸಾಲಿನಲ್ಲಿ ಕೋಟು ಬಿಚ್ಚದೆ ಕೂತಳು.

ವಿಮಲಾ ಎಲ್ಲರಿಗೂ ಪದ್ಧತಿ ತಿಳಿಸಿದಳು. ಇವರು ಹೆಣ್ಣಿನ ಕಡೆ, ಇವರು ಗಂಡಿನ ಕಡೆ. ಜವಾಬು ಬರುವವರೆಗೆ ಏಳಬಾರದು. ಜವಾಬು ಕೊಡಲಾಗದವರು ಸೋತ ಹಾಗೆ, ಸೋತವರು ಎದ್ದು ಗೆದ್ದವರಿಗೆ ಬಡಿಸಬೇಕು, ಅವರು ಉಂಡ ಮೇಲೆ ತಾವು ಉಣ್ಣಬೇಕು.

ನಾನೂ ಶಾಂತವ್ವನೂ ಚಾಪೆಯ ಮೇಲೆ ಎದುರುಬದುರು ಕೂತೆವು. ಅವಳು ಸೆರಗು ಸಿಕ್ಕಿಸಿಕೊಂಡು ಶುರುಮಾಡಿದಳು:

"ಮನಿ ಇಲ್ಲದ ಗಂಡಿಗೆ ಮಗಳ ಕೊಡೋದ್ಯಾಂಗ,
ಮಸಣದಾಗ ಒಲಿ ಹೂಡಿ ಅಡಗಿ ಮಾಡೋದ್ಯಾಂಗ?"

ನಾನು ಹೇಳಿದೆ:

"ಮನೆ ಕಟ್ಟಿದ ಗಂಡಿಗೆ ಬಾಗಿಲು ಕಾಯೋ ಚಿಂತೆ,
ಬಯಲೇ ಮನೆಯಾದವಗೆ ಬೀಗ ಯಾತಕಂತೆ?"

ವಿಮಲಾ ಅರ್ಥ ಹೇಳಿದಾಗ ಸಭೆ ಸ್ವಲ್ಪ ನಕ್ಕಿತು. ನಗಬಹುದೋ ಬಾರದೋ ಎನ್ನುವ ನಗು. ಶಾಂತವ್ವ ಬಿಡುವವಳಲ್ಲ:

"ತಲಿ ಮ್ಯಾಲ ಒಬ್ಬಾಕಿ, ಜಡಿಯಾಗ ಹರಿಯಾಕಿ,
ನಮ್ಮ ಹುಡಿಗಿ ಕುಂದ್ರಲಿ ಎಲ್ಲಿ ಚಾಪಿ ಹಾಕಿ?"

"ತಲೆ ಮೇಲೆ ಹೊತ್ತದ್ದು ನಿಮ್ಮೂರ ಕುಡಿಯೋ ನೀರು,
ಹೊರಲಾರೆ ಅಂದಿದ್ರೆ ಬಿಂದಿಗೆ ತುಂಬೋರ್ಯಾರು?"

ಈ ಸಲ ಮುತ್ತಿನ ಸರದ ಮುದುಕಿ ಬಾಯಿ ತುಂಬ ನಕ್ಕಳು. ಆಮೇಲೆ ಎಲ್ಲರೂ. ಸದಾಶಿವಯ್ಯನವರು ನಗಲಿಲ್ಲ, ಆದರೆ ಶಾಂತವ್ವ ಹಾವಿನ ಮಾತು ಎತ್ತಿ ನಾನು ಜವಾಬಿಗೆ ಉಸಿರು ಎಳೆದುಕೊಳ್ಳುವಷ್ಟರಲ್ಲಿ, ಅವರ ತುಟಿ ಆಡುತ್ತಿದ್ದುದನ್ನು ಕಂಡೆ. ಅವರ ಊರಿನಲ್ಲೂ ಅದಕ್ಕೊಂದು ಜವಾಬು ಇದ್ದಿರಬೇಕು. ತಾಯಿಯ ಬಾಯಲ್ಲಿ ಕೇಳಿದ್ದಿರಬೇಕು.

ನಮ್ಮದು ಮುಗಿಯಿತು. ಜನ ಚಪ್ಪಾಳೆ ತಟ್ಟುತ್ತಿದ್ದರು. ಆಗ ಮರಿಯಂ ಎದ್ದು, ಕೋಟು ಬಿಚ್ಚಿ ಕುರ್ಚಿಯ ಮೇಲಿಟ್ಟು, ನಡೆದು ಬಂದು ಚಾಪೆಯ ಮೇಲೆ ಶಾಂತವ್ವನ ಪಕ್ಕದಲ್ಲಿ ಕೂತಳು. ಹೆಣ್ಣಿನ ಕಡೆ.

"ನಾನೂ ಕೇಳಬಹುದೇ ಅಂತಾಳೆ," ಎಂದಳು ವಿಮಲಾ. "ಅವಳ ದೇವರನ್ನಂತೆ. ನಿಮ್ಮ ದೇವರನ್ನಲ್ಲವಂತೆ."

ನಾನು ಸದಾಶಿವಯ್ಯನವರ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಇದು ನನ್ನ ಜಾಗ, ನನ್ನ ತೀರ್ಮಾನ.

"ಹೆಣ್ಣಿನ ಕಡೆ ಕೂತೋಳು ಕೇಳಲೇಬೇಕು. ಕೇಳಮ್ಮ," ಎಂದೆ.

ಅವಳು ಹಾಡಲಿಲ್ಲ. ತನ್ನ ಭಾಷೆಯಲ್ಲಿ, ಮೆಲ್ಲಗೆ, ಎದುರಿಗೆ ಕೂತವರೊಡನೆ ಮಾತಾಡುವ ಹಾಗೆ ಹೇಳಿದಳು. ಎದುರಿಗೆ ಕೂತವಳು ನಾನೇ. ಮೊದಲು ತನ್ನ ಭಾಷೆಯಲ್ಲಿ ಹೇಳಿ, ಮತ್ತೆ ಆ ಊರಿನ ಭಾಷೆಯಲ್ಲಿ ಹೇಳಿದಳು, ವಿಮಲಾ ಅದನ್ನು ಕನ್ನಡಕ್ಕೆ ತಂದಳು.

"ನೀನು ದೊಡ್ಡವನು ಅಂತ ನಮ್ಮ ಅಮ್ಮ ಹೇಳಿಕೊಟ್ಟಿದ್ದಳು. ನಿನ್ನ ಹೆಸರು ಹೇಳಿಕೊಂಡು ಬಂದು ನನ್ನ ಅಣ್ಣನನ್ನು ಎಳೆದುಕೊಂಡು ಹೋದರು. ಅವನು ಬರೆದದ್ದರಿಂದ ನಿನಗೆ ನೋವಾಯಿತಂತೆ. ಇವತ್ತು ಲೋಕದವರೆಲ್ಲ ಸೇರಿ ನಿನಗೆ ನೋವಾಗಬಾರದು ಅಂದರು. ನಿನಗೆ ನಿಜವಾಗಿ ನೋವಾಯಿತೇ? ನನಗೆ ನೀನು ಹೇಳು. ಅವರ ಬಾಯಲ್ಲಿ ಹೇಳಿಸಬೇಡ."



ಸಭೆ ನನ್ನ ಕಡೆ ತಿರುಗಿತು. ಜವಾಬು ಬರಬೇಕಾದ್ದು ನನ್ನಿಂದ. ನಾನು ಹುಡುಕಿದೆ. ವರ್ಷಗಟ್ಟಲೆ ಶಿವನ ಪರವಾಗಿ ಹಾವಿಗೂ ಬೂದಿಗೂ ಜವಾಬು ಕೊಟ್ಟವಳು ನಾನು. ಚಂದದ ಮಾತು ಒಂದೆರಡು ನಾಲಿಗೆಗೆ ಬಂದವು. ಯಾವುದನ್ನೂ ಆಡಲಿಲ್ಲ, ಆ ಹೆಣ್ಣಿಗೆ ಚಂದದ ಮಾತು ಕೊಟ್ಟರೆ ಅದೇ ನಿಂದೆಯಾಗುತ್ತಿತ್ತು.

ಬಸ್ಸಿನಲ್ಲಿ ಬಾಯಿ ಬಿಡದ ನಾನು ಗಟ್ಟಿಯಾಗಿ ಹೇಳಿದೆ: "ಗಂಡಿನ ಕಡೆಯಿಂದ ಜವಾಬಿಲ್ಲ. ನಾವು ಸೋತೆವು."

ಎದ್ದು ಹಿಂದಿನ ಮೇಜಿಗೆ ಹೋಗಿ ತಟ್ಟೆ ತೆಗೆದುಕೊಂಡೆ. ರೊಟ್ಟಿ, ಹಿಂಡಿ ಇಟ್ಟೆ. ಎಣ್ಣೆಗಾಯಿಗೆ ಸೌಟು ಹುಡುಕುವಾಗ ಪಕ್ಕದಲ್ಲಿ ಯಾರೋ ಬಂದು ನಿಂತರು. ಸದಾಶಿವಯ್ಯನವರು.

"ಗೌರಮ್ಮನೋರೇ, ಸೌಟು ಇಲ್ಲಿ ಕೊಡಿ," ಎಂದರು. "ನಾನೂ ಗಂಡಿನ ಕಡೆಯವನೇ."

ನಾವಿಬ್ಬರೂ ಚಾಪೆಯ ಹತ್ತಿರ ಬಂದೆವು. ಅವರು ಮಂಡಿಯೂರಿ ಮರಿಯಂಳ ತಟ್ಟೆಗೆ ಎಣ್ಣೆಗಾಯಿ ಬಡಿಸಿದರು. ಅವರು ತಮ್ಮ ಅಭಿಪ್ರಾಯ ಬದಲಿಸಿದರೆಂದು ನಾನು ಬರೆಯುವುದಿಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಮರಿಯಂ ತಟ್ಟೆಗೆ ಕೈ ಹಾಕಲಿಲ್ಲ.

"ಉಣ್ಣವಾ," ಎಂದು ಶಾಂತವ್ವ ರೊಟ್ಟಿ ಮುರಿದು ಅವಳ ಕೈಗಿಟ್ಟಳು. "ಗೆದ್ದಾಕಿ ಉಣ್ಣಲಿಲ್ಲಂದ್ರ ಈ ಮಂದಿ ಎಲ್ಲಾ ಉಪಾಸ ಹೋಗತೈತಿ. ನಿನ್ನ ದೇವರೂ ಕಾಯಾಕತ್ತಾನ."

ವಿಮಲಾ ಅದನ್ನು ಅವಳಿಗೆ ಹೇಳಿದಳು. ಮರಿಯಂ ಒಂದು ತುತ್ತು ಬಾಯಿಗಿಟ್ಟಳು. ಹಿಂಡಿ ಖಾರ ತಾಗಿ ಕಣ್ಣಲ್ಲಿ ನೀರು ಬಂತು, ಖಾರಕ್ಕೋ ಇನ್ನಾವುದಕ್ಕೋ ನಮಗೆ ಬೇಕಾಗಿರಲಿಲ್ಲ. ಸದಾಶಿವಯ್ಯನವರು ನೀರು ತಂದಿಟ್ಟರು. ಸಭೆಯೆಲ್ಲ ಕೂತು ಅವಳು ಉಣ್ಣುವುದನ್ನು ಕಾಯಿತು. ಎಲ್ಲರ ಮುಂದೆ, ಆತುರವಿಲ್ಲದೆ, ಅವಳು ತಟ್ಟೆ ಖಾಲಿ ಮಾಡಿದಳು. ಆಮೇಲೆ ಅದನ್ನು ನನ್ನ ಕಡೆ ಚಾಚಿ ಇನ್ನೊಂದು ರೊಟ್ಟಿ ಕೇಳಿದಳು.